ಕಣದ ಮಣ್ಣು, ಎದುರಾಳಿಯ ಮಾನ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಇಂಡಿ ತಾಲೂಕಿನ ಹೊರ್ತಿ ಎಂಬ ಊರು ಸಿಗುತ್ತದೆ. ಸುತ್ತಲೂ ಎರೆಹೊಲ, ಬಿಳಿಜೋಳ, ಅಲ್ಲಲ್ಲಿ ಲಿಂಬೆಯ ತೋಟ. ಊರಿನ ದೈವ ರೇವಣಸಿದ್ಧೇಶ್ವರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯ ಯಾವ ಜಾತ್ರೆಗೆ ಹೋದರೂ ಅದರ ಕ್ರಮ ಹೆಚ್ಚು ಕಡಿಮೆ ಒಂದೇ. ದೇವರ ಪಲ್ಲಕ್ಕಿ, ದನಗಳ ಸಂತೆ, ಭಾರದ ಕಲ್ಲು ಎತ್ತುವ ಪಂಥ, ರಾತ್ರಿ ಬಯಲಾಟ ಇಲ್ಲವೆ ನಾಟಕ. ಇವುಗಳ ನಡುವೆ ಒಂದು ದಿನ, ಬಿಸಿಲು ಇಳಿಯುವ ಹೊತ್ತಿಗೆ, ಜಂಗೀ ಕುಸ್ತಿ.

ಹಲಿಗೆಯ ಸಪ್ಪಳ ಏರುತ್ತಿರುತ್ತದೆ. ಮೊದಲು ಹುಡುಗರ ಕುಸ್ತಿ; ಗೆದ್ದವನಿಗೆ ಒಂದು ತೆಂಗಿನಕಾಯಿ. ಆಮೇಲೆ ಹಣದ ಕುಸ್ತಿಗಳು. ಎಲ್ಲಕ್ಕೂ ಕೊನೆಗೆ ಬೆಳ್ಳಿಯ ಕಡೆಯ ಕುಸ್ತಿ. ದೊಡ್ಡ ಜೋಡಿ ಕಣಕ್ಕೆ ಇಳಿದಾಗ ಒಂದು ಸಣ್ಣ ಸಂಗತಿ ನಡೆಯುತ್ತದೆ. ಗದ್ದಲದಲ್ಲಿ ಅದು ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಕೈಗೆ ಕೈ ಕೊಡುತ್ತಾರೆ. ಬಳಿಕ ಒಬ್ಬನು ಬೊಗಸೆಯಲ್ಲಿ ಕಣದ ಮಣ್ಣನ್ನು ತೆಗೆದು ಎದುರಿನವನ ಹೆಗಲಿಗೆ, ಬೆನ್ನಿಗೆ ಹಾಕುತ್ತಾನೆ. ಎದುರಿನವನೂ ಹಾಗೆಯೇ ಮಾಡುತ್ತಾನೆ.

ಅರಿಯದವರಿಗೆ ಇದು ಅವಮಾನದಂತೆ ತೋರೀತು. ಇದರ ಅರ್ಥ ಬೇರೆ. ಬೆವರಿದ ಮೈ ಜಾರುತ್ತದೆ. ಜಾರುವ ಮೈಯ ಮೇಲೆ ಪಟ್ಟು ನಿಲ್ಲುವುದಿಲ್ಲ. ಮಣ್ಣು ಬಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ಆದುದರಿಂದ ಬೆನ್ನು ಕೊಟ್ಟು ಮಣ್ಣು ಹಾಕಿಸಿಕೊಳ್ಳುವವನು ಎದುರಾಳಿಗೆ ಮೌನವಾಗಿ ಒಂದು ಮಾತು ಕೊಡುತ್ತಿದ್ದಾನೆ: ‘ನನ್ನನ್ನು ಹಿಡಿ. ಬೆವರಿನ ಆಸರೆಯಿಂದ ನಾನು ತಪ್ಪಿಸಿಕೊಳ್ಳುವುದಿಲ್ಲ.’ ಈ ಮಾತು ಎರಡೂ ಕಡೆಯಿಂದ ನಡೆದ ಮೇಲೆಯೇ ಕುಸ್ತಿ ಆರಂಭವಾಗುತ್ತದೆ.

ಒಬ್ಬನನ್ನು ಕೆಡವುವುದೇ ಗುರಿಯಾಗಿರುವ ಆಟದಲ್ಲಿ ಈ ಮರ್ಯಾದೆ ಹೇಗೆ ಬಂದಿತು? ಪೈಲವಾನರೆಲ್ಲ ಹುಟ್ಟಾ ಸಾಧುಗಳೆಂದು ಹೇಳಿದರೆ ಅವರೇ ನಕ್ಕಾರು. ಸಿಟ್ಟು, ಊರಿನ ಅಭಿಮಾನ, ಹಣದ ಆಸೆ ಎಲ್ಲವೂ ಕಣದಲ್ಲಿ ಉಂಟು. ಹಾಗಿದ್ದೂ ಮರ್ಯಾದೆ ಉಳಿದು ಬಂದಿದ್ದರೆ, ಅದು ಆಡುವವನ ಮನಸ್ಸಿನ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿರದೆ ಆಟದ ಕಟ್ಟಳೆಯಲ್ಲಿಯೇ ಸೇರಿಕೊಂಡಿರಬೇಕು. ಆ ಕಟ್ಟಳೆಯ ಇತಿಹಾಸವನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ಹೊರನಾಡಿನ ಒಂದು ನಿದರ್ಶನ. ಬಾಕ್ಸಿಂಗ್ ಎಂದರೆ ಬರಿಯ ಗುದ್ದಾಟವೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಹೆಚ್ಚು ಕಡಿಮೆ ಹಾಗೆಯೇ ಇದ್ದಿತು. ಕೈಗೆ ಗವಸು ಇಲ್ಲ, ಕಾಲದ ಮಿತಿ ಇಲ್ಲ. 1741ರಲ್ಲಿ ಜ್ಯಾಕ್ ಬ್ರಾಟನ್ ಎಂಬ ಹೆಸರಾಂತ ಮುಷ್ಟಿಮಲ್ಲನೊಡನೆ ಹೋರಾಡಿದ ಜಾರ್ಜ್ ಸ್ಟೀವನ್‌ಸನ್ ಎಂಬವನು ಆ ಪೆಟ್ಟುಗಳಿಂದಲೇ ಕೆಲವು ದಿನಗಳಲ್ಲಿ ತೀರಿಕೊಂಡನೆಂದೂ ಬ್ರಾಟನ್ ಅದರಿಂದ ಬಹಳ ನೊಂದನೆಂದೂ ಹೇಳುತ್ತಾರೆ. 1743ರಲ್ಲಿ ಅದೇ ಬ್ರಾಟನ್ ಆಟಕ್ಕೆ ಮೊದಲ ಲಿಖಿತ ನಿಯಮಗಳನ್ನು ಮಾಡಿದನು. ಬಿದ್ದವನನ್ನು ಹೊಡೆಯಕೂಡದು, ಸೊಂಟದ ಕೆಳಗೆ ಹಿಡಿಯಕೂಡದು ಎಂಬುವು ಅವುಗಳಲ್ಲಿ ಮುಖ್ಯವಾದುವು. 1867ರಲ್ಲಿ ಕ್ವೀನ್ಸ್‌ಬೆರಿಯ ಹೆಸರಿನಲ್ಲಿ ಬಂದ ನಿಯಮಗಳು ಇನ್ನೂ ಮುಂದೆ ಹೋದುವು. ಕೈಗೆ ಗವಸು, 3 ನಿಮಿಷಗಳ ಸುತ್ತು, ನಡುವೆ 1 ನಿಮಿಷದ ವಿಶ್ರಾಂತಿ; ಬಿದ್ದವನಿಗೆ ಏಳಲು 10 ಸೆಕೆಂಡು, ಅಷ್ಟು ಹೊತ್ತು ಕೆಡವಿದವನು ತನ್ನ ಮೂಲೆಗೆ ಹಿಂದೆ ಸರಿದು ನಿಲ್ಲಬೇಕು. ಗೆಲುವು ಕೈಗೆ ಬಂದ ಗಳಿಗೆಯಲ್ಲಿಯೇ ಗೆಲ್ಲುವವನನ್ನು ಹಿಂದಕ್ಕೆ ಸರಿಸುವ ಈ ನಿಯಮ ಒಂದು ಸಾವಿನ ನೆನಪಿನಿಂದ ಆರಂಭವಾದ ದಾರಿಯ ಫಲ.

ಈಗ ನಮ್ಮ ಕಡೆಗೆ ಬರೋಣ. ಈ ಸೀಮೆಯ ತದ್ದೇವಾಡಿ ಇಂದು ಸಣ್ಣ ಊರು. ಸಾವಿರ ವರ್ಷಗಳ ಹಿಂದೆ ಅದು ತರ್ದವಾಡಿ ಸಾವಿರ ಎಂಬ ನಾಡಿಗೇ ಹೆಸರು ಕೊಟ್ಟ ಊರು. ರಾಷ್ಟ್ರಕೂಟರ ಕೈಕೆಳಗೆ ಈ ನಾಡನ್ನು ಆಳುತ್ತಿದ್ದ ತೈಲಪನು 973ರಲ್ಲಿ ಸ್ವತಂತ್ರನಾಗಿ ಕಲ್ಯಾಣದ ಚಾಲುಕ್ಯರ ರಾಜ್ಯವನ್ನು ಕಟ್ಟಿದನು. ಆ ವಂಶದ ಅರಸರ ಬಿರುದುಗಳನ್ನು ನೋಡಿರಿ: ಆಹವಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ಅರಸನು ತನ್ನನ್ನು ಮಲ್ಲನೆಂದು ಕರೆದುಕೊಳ್ಳುವುದನ್ನು ಹೆಮ್ಮೆಯೆಂದು ತಿಳಿದ ಕಾಲವದು.

ಭೂಲೋಕಮಲ್ಲನೆಂದರೆ ಮೂರನೆಯ ಸೋಮೇಶ್ವರ. 1130ರ ಸುಮಾರಿಗೆ ಇವನು ಬರೆದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅಡಿಗೆಯಿಂದ ಹಿಡಿದು ಆನೆಯ ಪಳಗಿಸುವಿಕೆಯವರೆಗೆ ಎಲ್ಲಕ್ಕೂ ಸ್ಥಳವಿದೆ. ಮಲ್ಲವಿನೋದಕ್ಕೂ ಅದರಲ್ಲಿ ಒಂದು ಪ್ರಕರಣ ಮೀಸಲು. ಮಲ್ಲರಿಗೆ ಹೇಳಿದ ವ್ಯಾಯಾಮಗಳು ಹಲವು: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೊಂದು. ಸೋಮೇಶ್ವರನು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮೈಕಟ್ಟು, ವಯಸ್ಸು, ಬಲಗಳನ್ನು ನೋಡಿ ಬೇರೆ ಬೇರೆ ದರ್ಜೆಗೆ ಹಾಕುತ್ತಾನೆ. ನಮ್ಮ ‘ಜಟ್ಟಿ’ ಎಂಬ ಮಾತು ಈ ಜ್ಯೇಷ್ಠಿಯಿಂದಲೇ ಬಂದಿತೆಂದು ಪಂಡಿತರು ಹೇಳುತ್ತಾರೆ. ದರ್ಜೆ ಮಾಡಿದ್ದರ ಅರ್ಥ ಸ್ಪಷ್ಟವಾಗಿದೆ. ಸರಿಸಮಾನನಲ್ಲದವನನ್ನು ಕೆಡವಿದರೆ ಅದರಲ್ಲಿ ವಿನೋದವೂ ಇಲ್ಲ, ಕೀರ್ತಿಯೂ ಇಲ್ಲ. ಇಂದಿಗೂ ನಮ್ಮ ಜಾತ್ರೆಗಳಲ್ಲಿ ಹಿರಿಯ ವಸ್ತಾದರು ಹುಡುಗರ ಹೆಗಲು, ಮಣಿಕಟ್ಟು, ತೊಡೆ ನೋಡಿ ‘ಜೋಡಿ ಹಚ್ಚುವುದು’ ಇದೇ ನ್ಯಾಯದಿಂದ. ಜೋಡಿ ತಪ್ಪಿದರೆ ನೆರೆದ ಜನರೇ ಕೂಗಿ ನಿಲ್ಲಿಸುತ್ತಾರೆ.

ಸಮಾನತೆಯ ಈ ಕಟ್ಟಳೆ ವಿಜಯನಗರದಲ್ಲಿಯೂ ಇದ್ದಿತು. 1520ರ ಸುಮಾರಿಗೆ ಕೃಷ್ಣದೇವರಾಯನ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಜ ಪ್ರವಾಸಿ ಡೊಮಿಂಗೋ ಪೇಸ್, ಅಲ್ಲಿಯ ಮಲ್ಲರ ಕಾಳಗ ಹಲ್ಲು ಮುರಿಯುವ, ಕಣ್ಣು ಹೋಗುವ ಬಿರುಸಿನದೆಂದು ಬೆರಗಾಗಿ ಬರೆದಿದ್ದಾನೆ. ಅದರ ಜತೆಗೇ, ಇಬ್ಬರನ್ನೂ ಕಣದಲ್ಲಿ ಸಮಸಮವಾಗಿ ನಿಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರೆಂದು ಹೇಳಲು ಅವನು ಮರೆತಿಲ್ಲ. ಪೆಟ್ಟು ಘೋರವಾದಷ್ಟೂ ತೀರ್ಪುಗಾರನ ಅವಶ್ಯಕತೆ ಹೆಚ್ಚು ಎಂಬುದನ್ನು ಆ ಅರಮನೆ ಅರಿತಿತ್ತು.

ಅನಂತರ, ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾವೊ ನೂನಿಜನ ಮಾತು ಇನ್ನೂ ವಿಚಾರಾರ್ಹವಾಗಿದೆ. ಅರಸನ ಮುಂದೆ ಕಾಳಗ ಮಾಡುವ ಮಲ್ಲರು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯವಾದವನು ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು! ರಾಬರ್ಟ್ ಸಿವೆಲ್ ಈ ಎರಡೂ ವೃತ್ತಾಂತಗಳನ್ನು 1900ರಲ್ಲಿ ಇಂಗ್ಲಿಷಿಗೆ ತಂದನು. ಅದನ್ನು ಓದಿದವರು ಈ ಸಾಲಿನಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಾರೆ. ಗೆದ್ದವನಿಗಲ್ಲವೆ ಉಡುಗೊರೆ? ಸೋತವನ ನೋವಿಗೆ ಅರಸನು ಕೊಟ್ಟ ಪರಿಹಾರವೆಂದು ಇದನ್ನು ತಿಳಿಯಬಹುದು. ರಕ್ತ ಸುರಿದರೂ ಕಣ ಬಿಡದವನ ಧೈರ್ಯಕ್ಕೆ ಕೊಟ್ಟ ಮನ್ನಣೆಯೆಂದೂ ತಿಳಿಯಬಹುದು. ಹೇಗೆ ತಿಳಿದರೂ ಒಂದು ಮಾತು ನಿಜ: ಸೋತವನು ಬರಿಗೈಯಲ್ಲಿ, ತಲೆ ತಗ್ಗಿಸಿಕೊಂಡು ಹೋಗಬಾರದೆಂಬುದು ಆ ಆಸ್ಥಾನದ ಸಂಪ್ರದಾಯವಾಗಿತ್ತು.

ಆ ಮೊನೆಬಳೆಯ ಕಾಳಗದ ಬಳುವಳಿಯೋ ಎಂಬಂತೆ ಮೈಸೂರಿನಲ್ಲಿ ವಜ್ರಮುಷ್ಟಿ ಕಾಳಗ ನಡೆದುಕೊಂಡು ಬಂದಿದೆ. ವಿಜಯದಶಮಿಯ ಬೆಳಿಗ್ಗೆ, ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ವಜ್ರಮುಷ್ಟಿಯನ್ನು ತೊಟ್ಟು ಎದುರುಬದುರಾಗುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳಿಗೆ ಇದು ವಂಶಪಾರಂಪರ್ಯದ ಸೇವೆ. ನಮ್ಮ ನಾಡಿನಲ್ಲಿ ಬಾಕ್ಸಿಂಗಿಗೆ ತೀರ ಹತ್ತಿರದ ಆಟ ಇದೇ ಎಂದು ಹೇಳಬೇಕು. ಇದರ ಮಿತಿ ಎಷ್ಟು ಕಟ್ಟುನಿಟ್ಟೆಂದರೆ, ಇಬ್ಬರಲ್ಲಿ ಯಾರ ತಲೆಯಿಂದಲಾದರೂ ಮೊದಲ ರಕ್ತ ಕಾಣಿಸಿದೊಡನೆ ಉಸ್ತಾದರು ನಡುವೆ ಬಂದು ಬಿಡಿಸುತ್ತಾರೆ, ಕಾಳಗ ಮುಗಿಯಿತು. ಅದಕ್ಕಾಗಿ ತಿಂಗಳುಗಟ್ಟಲೆ ಸಾಮು ಮಾಡಿದವರು ಕೆಲವು ಕ್ಷಣಗಳಲ್ಲಿ ಕೈ ಇಳಿಸಬೇಕಾಗುತ್ತದೆ. ಶಕ್ತಿಯನ್ನು ತೋರಿಸುವುದಕ್ಕಿಂತ ತಡೆಯುವುದು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

ಕಟ್ಟಳೆ ಮುರಿದಾಗ ಏನಾಗುತ್ತದೆ? ಇದಕ್ಕೆ ಉತ್ತರವನ್ನು ನಮ್ಮ ಪಕ್ಕದ ಮುಧೋಳದ ಕವಿ ಹೇಳಿದ್ದಾನೆ. ತೈಲಪನ, ಅವನ ಮಗ ಸತ್ಯಾಶ್ರಯನ ಆಶ್ರಯದಲ್ಲಿದ್ದ ರನ್ನನ ‘ಗದಾಯುದ್ಧ’ವೆಲ್ಲ ಇಬ್ಬರ ಕಾಳಗದ ಸುತ್ತ ಕಟ್ಟಿದ ಕಾವ್ಯ. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬುದು ಧರ್ಮ. ಬ್ರಾಟನ್ ಸೊಂಟದ ಗೆರೆ ಹಾಕುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಮಹಾಭಾರತ ಅದೇ ಗೆರೆಯನ್ನು ಎಳೆದಿತ್ತು! ಭೀಮನು ತೊಡೆಗೆ ಹೊಡೆದು ಗೆದ್ದನು. ಅವನ ಪ್ರತಿಜ್ಞೆಗೆ, ದ್ರೌಪದಿಯ ಅವಮಾನಕ್ಕೆ ಕಾರಣಗಳು ಬೇಕಾದಷ್ಟು ಇದ್ದುವು. ಆದರೂ ಮಹಾಭಾರತದಲ್ಲಿ ಬಲರಾಮನು ಸಿಟ್ಟಿಗೆದ್ದದ್ದು ಆ ಪೆಟ್ಟಿಗಾಗಿಯೇ, ಮತ್ತು ಆ ಗೆಲುವಿನ ಮೇಲಿನ ಕಲೆ ಇಂದಿಗೂ ಹೋಗಿಲ್ಲ. ರನ್ನನಾದರೋ ಭೀಮನನ್ನೇ ನಾಯಕನನ್ನಾಗಿ ಮಾಡಿಯೂ ದುರ್ಯೋಧನನಿಗೆ ಒಂದು ದೊಡ್ಡ ಗಳಿಗೆಯನ್ನು ಕೊಟ್ಟಿದ್ದಾನೆ. ರಣರಂಗದಲ್ಲಿ ಹೋಗುತ್ತ ಅವನು ಅಭಿಮನ್ಯುವಿನ ಶವವನ್ನು ಕಾಣುತ್ತಾನೆ. ಹಗೆಯ ಮಗನೆಂದು ಮುಖ ತಿರುಗಿಸದೆ ಕೈಮುಗಿದು, ಆ ಹುಡುಗನ ಪರಾಕ್ರಮದಂಥ ಮರಣ ತನಗೂ ಬರಲೆಂದು ಬೇಡುತ್ತಾನೆ. ಕನ್ನಡದಲ್ಲಿ ಎದುರಾಳಿಯ ಗೌರವಕ್ಕೆ ಇದಕ್ಕಿಂತ ಎತ್ತರದ ಚಿತ್ರ ಸಿಗುವುದು ಕಷ್ಟ.

ಕಾವ್ಯದಿಂದ ತಾಲೀಮಿಗೆ ಬಂದರೆ ಅಲ್ಲಿಯ ಮಾತುಗಳೇ ಒಂದು ಇತಿಹಾಸವನ್ನು ಹೇಳುತ್ತವೆ. ಮಲ್ಲ, ಜಟ್ಟಿ, ಗರಡಿ, ಸಾಮು ಎಂಬ ಹಳೆಯ ಮಾತುಗಳ ಪಕ್ಕದಲ್ಲಿ ಕುಸ್ತಿ, ಪೈಲವಾನ, ವಸ್ತಾದ, ಜಂಗೀ ಎಂಬ ಪಾರಸಿ ಮಾತುಗಳು, ತಾಲೀಮು ಎಂಬ ಅರಬ್ಬಿ ಮಾತು ಕುಳಿತಿವೆ. ಸುಲ್ತಾನರ ಕಾಲದಲ್ಲಿ ಬಂದ ಈ ಮಾತುಗಳು ನಮ್ಮ ಹಳ್ಳಿಯ ನಾಲಗೆಯಲ್ಲಿ ಎಷ್ಟು ಬೆರೆತಿವೆಯೆಂದರೆ ಅವು ಹೊರಗಿನವು ಎಂದು ಯಾರಿಗೂ ಅನಿಸುವುದಿಲ್ಲ. ತಾಲೀಮಿನಲ್ಲಿ ಹನುಮಂತನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಬೇರೆ ಮತದ ವಸ್ತಾದನ ಕಾಲು ಮುಟ್ಟಿ ಕಣಕ್ಕೆ ಇಳಿಯುವ ಹುಡುಗನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಯ ರಸ ಸೇರಿಸಿ ಹದ ಮಾಡಿದ ಆ ಮಣ್ಣು ಎಲ್ಲರ ಮೈಗೂ ಒಂದೇ ಬಣ್ಣ ಹಚ್ಚುತ್ತದೆ.

ಈ ಸೀಮೆಯ ಪೈಲವಾನರಿಗೆ ಕೊಲ್ಲಾಪುರ ದೊಡ್ಡ ಶಾಲೆ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಪ್ರಸಿದ್ಧವಾಗಿದೆ. ಅವರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ಬೆಳಗಾವಿ ಜಿಲ್ಲೆಯ ಎಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಅವರು ಕೊಲ್ಲಾಪುರದಲ್ಲಿ ಬೆಳೆದು 1959ರಲ್ಲಿ ‘ಹಿಂದ್ ಕೇಸರಿ’ ಆದರು. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಪದಕವದು. ಜಪಾನಿನ ಮಲ್ಲನೊಡನೆ ದೀರ್ಘ ಕುಸ್ತಿ ಮಾಡಿದ ಬಳಿಕ, ನಿಯಮದ ವಿಶ್ರಾಂತಿಯೂ ಇಲ್ಲದೆ ಅವರನ್ನು ಸೋವಿಯತ್ ಒಕ್ಕೂಟದ ಮಲ್ಲನ ಎದುರು ನಿಲ್ಲಿಸಿದರೆಂದೂ, ನಮ್ಮ ಕಡೆಯಿಂದ ಅದನ್ನು ಪ್ರಶ್ನಿಸುವವರು ಅಲ್ಲಿರಲಿಲ್ಲವೆಂದೂ ಹೇಳುತ್ತಾರೆ. ಸಮಸಮವಾಗಿ ನಿಲ್ಲಿಸುವ ತೀರ್ಪುಗಾರನಿಲ್ಲದಿದ್ದರೆ ಕಣ ಎಷ್ಟು ಬಡವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಗೆದ್ದವನ ಮನಸ್ಸು? ಗಾಮಾ ಪೈಲವಾನನ ಹೆಸರು ಕೇಳದ ಮನೆ ನಮ್ಮಲ್ಲಿ ಕಡಿಮೆ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಎಂಬ ದೈತ್ಯನೊಡನೆ ಅವನು ಎರಡೂವರೆ ತಾಸಿಗೂ ಮೀರಿ ಸೆಣಸಿದನು. ಕುಸ್ತಿ ಬರೋಬರಿ ಆಯಿತು. 1928ರಲ್ಲಿ ಪಟಿಯಾಲದಲ್ಲಿ ಅದೇ ಜ್ಬಿಸ್ಕೋವನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದನು. ಇಷ್ಟಾದರೂ, ನೀನು ಕಂಡ ಗಟ್ಟಿ ಎದುರಾಳಿ ಯಾರೆಂದು ಕೇಳಿದಾಗ ಅವನು ಹೇಳಿದ ಹೆಸರು ರಹೀಮ್ ಬಕ್ಷ್ ಸುಲ್ತಾನಿವಾಲಾ ಎಂಬ ಹಿರಿಯ ಪೈಲವಾನನದು. ಅವನೊಡನೆ ಕುಸ್ತಿ ಮಾಡಿದ ಮೇಲೆ ತಾನು ಅವನ ಪಾದದ ಧೂಳನ್ನು ಹಣೆಗೆ ಹಚ್ಚಿಕೊಂಡೆನೆಂದು ಗಾಮಾ ಹೇಳುತ್ತಿದ್ದನಂತೆ. ತಾನು ಕೆಡವಬೇಕಾದವನೇ ತನ್ನ ಗುರುವೂ ಆಗಬಲ್ಲನೆಂಬ ಈ ತಿಳಿವಳಿಕೆ ತಾಲೀಮಿನ ಶಿಕ್ಷಣದ ಸಾರ.

ರೇಡಿಯೋದ ಇತಿಹಾಸ ಬಲ್ಲವರಿಗೆ ಇನ್ನೊಂದು ಜೋಡಿ ನೆನಪಾಗದೆ ಇರದು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅಮೇರಿಕದ ನೀಗ್ರೋ ಜನಾಂಗದ ಜೋ ಲೂಯಿಯನ್ನು 12ನೆಯ ಸುತ್ತಿನಲ್ಲಿ ಕೆಡವಿದನು. 1938ರ ಜೂನ್ 22ರಂದು ಲೂಯಿ ಎರಡು ನಿಮಿಷಕ್ಕೆ ತುಸು ಮೀರಿದ ಕಾಲದಲ್ಲಿಯೇ ಶ್ಮೆಲಿಂಗನನ್ನು ಸೋಲಿಸಿದನು. ಕೋಟ್ಯಂತರ ಜನ ರೇಡಿಯೋದ ಮುಂದೆ ಕುಳಿತು ಅದನ್ನು ಕೇಳಿದರು. ಕೇಳಿದವರಿಗೆಲ್ಲ ಅದು ಎರಡು ರಾಷ್ಟ್ರಗಳ, ಎರಡು ವರ್ಣಗಳ ಯುದ್ಧದಂತೆ ತೋರಿತು. ನಿಜವಾಗಿ ಪೆಟ್ಟು ತಿಂದ ಇಬ್ಬರಿಗೆ ಮಾತ್ರ ಹಾಗೆ ತೋರಲಿಲ್ಲ. ಹಿಟ್ಲರನ ಆಡಳಿತ ತನ್ನ ವೀರನೆಂದು ಮೆರೆಸಿದ್ದ ಅದೇ ಶ್ಮೆಲಿಂಗ್, 1938ರ ನವೆಂಬರಿನಲ್ಲಿ ಯೆಹೂದಿಗಳ ಮೇಲೆ ದಾಳಿ ನಡೆದಾಗ ತನ್ನ ಯೆಹೂದಿ ಗೆಳೆಯನ ಇಬ್ಬರು ಮಕ್ಕಳನ್ನು ತನ್ನ ಕೋಣೆಯಲ್ಲಿ ಅಡಗಿಸಿ ಕಾಪಾಡಿದನು. ಮಹಾಯುದ್ಧದ ತರುವಾಯ ಅವನು ಲೂಯಿಯನ್ನು ಹುಡುಕಿಕೊಂಡು ಹೋದನು, ಇಬ್ಬರೂ ಗೆಳೆಯರಾದರು. ಬಡತನದಲ್ಲಿ ಬಿದ್ದ ಲೂಯಿಗೆ ಅವನು ನೆರವಾದನು. 1981ರಲ್ಲಿ ಲೂಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿನಲ್ಲಿಯೂ ಶ್ಮೆಲಿಂಗನ ಪಾಲಿತ್ತು. ಕಣದ ಹೊರಗಿನವರು ಹೊತ್ತಿಸಿದ ದ್ವೇಷವನ್ನು ಕಣದ ಒಳಗಿನವರು ಆರಿಸಿದ ಕಥೆಯಿದು.

ಈ ಕೊನೆಯ ಮಾತಿನಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ನಮ್ಮ ಜಾತ್ರೆಗಳಲ್ಲಿ ಕುಸ್ತಿ ಕೆಟ್ಟರೆ ಅದು ಬಹಳ ಮಟ್ಟಿಗೆ ಕೆಡುವುದು ಕಣದ ಹೊರಗಿನಿಂದ. ಊರಿಗೆ ಊರು ಹಟಕ್ಕೆ ಬಿದ್ದು, ತೀರ್ಪು ಮುಗಿಯುವ ಮೊದಲೇ ಕೂಗೆದ್ದು, ಪಣ ಕಟ್ಟಿದವರು ಜಗಳ ತೆಗೆದು, ಎಷ್ಟೋ ಸಲ ಪೈಲವಾನರೇ ಜನರನ್ನು ಸಮಾಧಾನಪಡಿಸಬೇಕಾಗುತ್ತದೆ. ಮಣ್ಣು ಹಾಕಿಸಿಕೊಂಡವನಿಗೆ ಎದುರಾಳಿಯ ಬೆಲೆ ಗೊತ್ತು. ಕಟ್ಟೆಯ ಮೇಲೆ ಕುಳಿತವನಿಗೆ ಅದನ್ನು ಕಲಿಯಬೇಕಾಗಿದೆ.

ಹಳೆಯದೆಲ್ಲ ಹಾಗೆಯೇ ಉಳಿಯಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ಮಣ್ಣಿನ ಬದಲು ಮ್ಯಾಟು ಬಂದಿದೆ. ಕಣ್ಣಳತೆಯ ಬದಲು ತೂಕದ ಯಂತ್ರ ಬಂದಿದೆ. ಹಿಂದೆ ಹೆಂಗಸರು ಕಾಲಿಡದಿದ್ದ ಕಣಕ್ಕೆ ಹೆಣ್ಣುಮಕ್ಕಳು ಬಂದಿದ್ದಾರೆ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲು ನಡೆದ 2012ರಲ್ಲಿ ಮಣಿಪುರದ ಮೇರಿ ಕೋಮ್ ಕಂಚು ಗೆದ್ದರು. 2016ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದರು. ಇವೆಲ್ಲ ಆಗಬೇಕಾದುವೇ. ಆದರೆ ಸಮನಾದ ಜೋಡಿ, ಗೆರೆ ದಾಟದ ಪೆಟ್ಟು, ಬಿದ್ದವನಿಗೆ ಏಳಲು ಅವಕಾಶ, ಸೋತವನಿಗೂ ಒಂದು ಮರ್ಯಾದೆ ಎಂಬ ನಾಲ್ಕು ಕಟ್ಟಳೆಗಳು ಹೋದರೆ ಉಳಿಯುವುದು ಬರಿಯ ಹೊಡೆದಾಟ. ಅದಕ್ಕೆ ಜಾತ್ರೆಯೂ ಬೇಕಿಲ್ಲ, ಹಲಿಗೆಯೂ ಬೇಕಿಲ್ಲ.

ಜಾತ್ರೆಯ ಕೊನೆಯ ಕುಸ್ತಿ ಕೆಲವು ಸಲ ಹೊತ್ತು ಮುಳುಗಿದರೂ ಮುಗಿಯುವುದಿಲ್ಲ. ಇಬ್ಬರೂ ದಣಿದಿರುತ್ತಾರೆ, ಯಾರ ಬೆನ್ನೂ ನೆಲ ಮುಟ್ಟಿರುವುದಿಲ್ಲ. ಆಗ ಪಂಚರು ಒಳಗೆ ಬಂದು ಇಬ್ಬರ ಕೈಗಳನ್ನೂ ಮೇಲೆತ್ತಿ ‘ಬರೋಬರಿ’ ಎಂದು ಸಾರುತ್ತಾರೆ. ಬಹುಮಾನವನ್ನು ಹಂಚಿಕೊಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ, ಒಬ್ಬನ ಬೆನ್ನಿನ ಮಣ್ಣನ್ನು ಇನ್ನೊಬ್ಬನು ಕೊಡವುತ್ತ, ಹಿರಿಯರ ಕಾಲಿಗೆ ಎರಗಲು ಹೋಗುತ್ತಾರೆ. ಮುಂದಿನ ಸಲ ಹೊರ್ತಿಯ ಕಡೆಯ ಯಾವುದಾದರೂ ಜಾತ್ರೆಗೆ ಹೋದಾಗ, ವಾಚಕರು ಯಾರು ಗೆದ್ದರೆಂದು ಕೇಳಿಕೊಂಡು ಅವಸರದಿಂದ ಏಳದೆ, ಆ ಗಳಿಗೆಯವರೆಗೂ ಕುಳಿತಿರಬೇಕೆಂದು ನನ್ನ ವಿನಂತಿ.